ಎಕ್ಸ್‌ಎಸ್‌ಎಲ್‌ಟಿ: ಎಲ್ಲ ಪದಕ್ಕೂ ‘ಕ್ರಿ.’ ಅಂತಲೇ ಬರುತ್ತಿದೆ, ಷರತ್ತು ಎಲ್ಲಿ ತಪ್ಪಿದೆ?

ಪದಸಂಗ್ರಹ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ನಿಘಂಟನ್ನು ಎಕ್ಸ್‌ಎಂಎಲ್‌ನಲ್ಲಿ ಇಟ್ಟುಕೊಂಡಿದ್ದೇನೆ. ಅದರಿಂದ ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ದಾಖಲೆಯನ್ನು ಬೇರೆ ರೂಪಕ್ಕೆ ಬದಲಿಸುವ ಭಾಷೆ) ಬಳಸಿ ವೆಬ್ ಪುಟ ತಯಾರಿಸಬೇಕು. ಟ್ಯಾಗ್ ಹೆಸರುಗಳನ್ನು ಕನ್ನಡದಲ್ಲೇ ಕೊಟ್ಟಿದ್ದೇನೆ, ಪಾರ್ಸರ್ ತಕರಾರಿಲ್ಲದೆ ಒಪ್ಪಿಕೊಂಡಿದೆ. ಮಾದರಿ ಹೀಗಿದೆ:

```
<ನಿಘಂಟು>
  <ನಮೂದು>
    <ಪದ>ಕರೆ</ಪದ>
    <ಅರ್ಥ ವರ್ಗ="ಕ್ರಿಯಾಪದ">ಕೂಗಿ ಬರಹೇಳು</ಅರ್ಥ>
    <ಅರ್ಥ ವರ್ಗ="ನಾಮಪದ">ಕೂಗು, ಆಹ್ವಾನ</ಅರ್ಥ>
    <ಅರ್ಥ ವರ್ಗ="ಕ್ರಿಯಾಪದ">ಹಾಲು ಹಿಂಡು</ಅರ್ಥ>
  </ನಮೂದು>
  <ನಮೂದು>
    <ಪದ>ಕೊಡೆ</ಪದ>
    <ಅರ್ಥ ವರ್ಗ="ನಾಮಪದ">ಛತ್ರಿ</ಅರ್ಥ>
  </ನಮೂದು>
  <ನಮೂದು>
    <ಪದ>ಛತ್ರಿ</ಪದ>
    <ನೋಡಿ ಗುರಿ="ಕೊಡೆ"/>
  </ನಮೂದು>
</ನಿಘಂಟು>
```

ನಾನು ಬರೆದದ್ದು ಇದು. ಸೂಚನೆಗಳ ಹೆಸರನ್ನು ಇಲ್ಲಿ ಓದುವುದಕ್ಕೆ ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲಿ, ಪ್ರಿಫಿಕ್ಸ್ ಬಿಟ್ಟು ಹಾಕಿದ್ದೇನೆ. ನನ್ನ ಫೈಲಿನಲ್ಲಿ ಅವು ಮೂಲ ಸ್ಪೆಲಿಂಗ್‌ನಲ್ಲೇ ಇವೆ.

```
<ಫಾರ್-ಈಚ್ ಸೆಲೆಕ್ಟ್="/ನಿಘಂಟು/ನಮೂದು">
  <ಚೂಸ್>
    <ವೆನ್ ಟೆಸ್ಟ್="//ಅರ್ಥ/@ವರ್ಗ = 'ಕ್ರಿಯಾಪದ'">ಕ್ರಿ.</ವೆನ್>
    <ಅದರ್‌ವೈಸ್>ನಾ.</ಅದರ್‌ವೈಸ್>
  </ಚೂಸ್>
</ಫಾರ್-ಈಚ್>
```

ಮೂರೂ ನಮೂದಿಗೆ ‘ಕ್ರಿ.’ ಅಂತಲೇ ಬರುತ್ತದೆ. ‘ಕೊಡೆ’ ಕ್ರಿಯಾಪದ ಹೇಗಾದೀತು? ಎರಡು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಕೊಂಬೆರೆಂಬೆ

ನಿಮ್ಮ ಷರತ್ತಿನ ಮೊದಲ ಎರಡು ಓರೆಗೆರೆ `//` ನೋಡಿ. ಎಕ್ಸ್‌ಪಾತ್ (ಎಕ್ಸ್‌ಎಂಎಲ್ ಮರದಲ್ಲಿ ಬೇಕಾದ ಭಾಗವನ್ನು ಹುಡುಕುವ ಭಾಷೆ) ದಾರಿ `/` ಅಥವಾ `//` ಇಂದ ಶುರುವಾಯಿತೆಂದರೆ ನೀವು ಎಲ್ಲಿ ನಿಂತಿದ್ದೀರಿ ಎಂಬುದನ್ನು ಅದು ಕೇಳುವುದೇ ಇಲ್ಲ. ಸೀದಾ ದಾಖಲೆಯ ಬುಡಕ್ಕೆ ಹೋಗಿ ಅಲ್ಲಿಂದ ಹುಡುಕುತ್ತದೆ. ಫಾರ್-ಈಚ್ ನಿಮ್ಮನ್ನು ‘ಕೊಡೆ’ ನಮೂದಿನ ಮೇಲೆ ತಂದು ನಿಲ್ಲಿಸಿದೆ, ಸರಿ. ಆದರೆ ನೀವು ಅಲ್ಲಿ ನಿಂತುಕೊಂಡು ಕೇಳುತ್ತಿರುವುದು “ಇಡೀ ನಿಘಂಟಿನಲ್ಲಿ ಎಲ್ಲಾದರೂ ಒಂದು ಕ್ರಿಯಾಪದ ಇದೆಯೇ?” ಅಂತ. ಇದೆ, ‘ಕರೆ’ಯಲ್ಲಿ ಇದೆ. ಹಾಗಾಗಿ ಉತ್ತರ ಪ್ರತಿಸಲವೂ ಹೌದು.

ಈಗ ನಿಂತಿರುವ ಜಾಗಕ್ಕೆ ಕಾಂಟೆಕ್ಸ್ಟ್ ನೋಡ್ ಅನ್ನುತ್ತಾರೆ. ಒಂದು ಚುಕ್ಕಿ `.` ಅಂದರೆ ಅದೇ. `ಅರ್ಥ` ಎಂದಷ್ಟೇ ಬರೆದರೆ “ನಾನು ನಿಂತಿರುವ ನೋಡ್‌ನ ಮಕ್ಕಳಲ್ಲಿ ಅರ್ಥ ಎಂಬ ಹೆಸರಿನವು” ಎಂದು. ನಿಮ್ಮ ಟೆಸ್ಟ್‌ನಿಂದ ಆ ಎರಡು ಗೆರೆ ತೆಗೆದುಹಾಕಿ:

```
<ವೆನ್ ಟೆಸ್ಟ್="ಅರ್ಥ/@ವರ್ಗ = 'ಕ್ರಿಯಾಪದ'">
```

‘ಕೊಡೆ’ ಆಗ ಸರಿಹೋಗುತ್ತದೆ.

ಹಳೆಕೋಡು

‘ಕೊಡೆ’ ಸರಿಹೋಗುತ್ತದೆ, ಒಪ್ಪಿದೆ. ಉಳಿದ ಎರಡು ಸರಿಹೋಗುವುದಿಲ್ಲ. ‘ಕರೆ’ಗೆ ಮೂರು ಅರ್ಥಗಳಿವೆ, ನಡುವಿನದು ನಾಮಪದ. ಆದರೂ ಇಡೀ ನಮೂದಿಗೆ ‘ಕ್ರಿ.’ ಅಂತ ಒಂದೇ ಗುರುತು ಬೀಳುತ್ತದೆ. ‘ಛತ್ರಿ’ಗೆ ಅರ್ಥವೇ ಇಲ್ಲ, ಬರೀ ‘ನೋಡಿ’ ಇದೆ. ಅದು ಅದರ್‌ವೈಸ್‌ಗೆ ಬಿದ್ದು ‘ನಾ.’ ಆಗಿಬಿಡುತ್ತದೆ. ಷರತ್ತಿಗೆ ಸಿಗದ್ದನ್ನೆಲ್ಲ ಅದರ್‌ವೈಸ್ ಬಾಚಿಕೊಳ್ಳುತ್ತದೆ, ಅದರೊಳಗೆ ಏನೇನು ಸೇರಿಕೊಳ್ಳಬಹುದು ಎಂದು ಒಮ್ಮೆ ಯೋಚಿಸಲೇಬೇಕು.

ಇಲ್ಲಿ ಇನ್ನೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬಹಳ ಜನ ಎಡವುವ ಜಾಗ ಇದು. ಎಕ್ಸ್‌ಪಾತ್‌ನಲ್ಲಿ ಎಡಗಡೆ ನೋಡ್‌ಗಳ ಗುಂಪು ಇದ್ದಾಗ `=` ಅಂದರೆ “ಗುಂಪಿನಲ್ಲಿ ಒಂದಾದರೂ ಸಮ ಇದೆಯೇ”. `!=` ಅಂದರೆ “ಒಂದಾದರೂ ಬೇರೆ ಇದೆಯೇ”. ಒಂದು ಇನ್ನೊಂದರ ವಿರುದ್ಧ ಅಲ್ಲ! ನಿಮ್ಮ ಮೂರು ನಮೂದುಗಳಲ್ಲೇ ನೋಡಿ:

‘ಕರೆ’ಯ ಮೇಲೆ ನಿಂತು `ಅರ್ಥ/@ವರ್ಗ = 'ಕ್ರಿಯಾಪದ'` ಕೇಳಿದರೆ ನಿಜ. `ಅರ್ಥ/@ವರ್ಗ != 'ಕ್ರಿಯಾಪದ'` ಕೇಳಿದರೂ ನಿಜ, ಏಕೆಂದರೆ ಒಂದು ನಾಮಪದ ಇದೆ. ‘ಛತ್ರಿ’ಯ ಮೇಲೆ ನಿಂತರೆ ಎರಡೂ ಸುಳ್ಳು, ಏಕೆಂದರೆ ಹೋಲಿಸಲು ಏನೂ ಇಲ್ಲ. “ಕ್ರಿಯಾಪದ ಒಂದೂ ಇಲ್ಲ” ಎಂಬ ಪ್ರಶ್ನೆ ಬೇಕಿದ್ದರೆ `ನಾಟ್(ಅರ್ಥ/@ವರ್ಗ = 'ಕ್ರಿಯಾಪದ')` ಎಂದೇ ಬರೆಯಬೇಕು.

ವರ್ಗ ಎಂಬುದು ಅರ್ಥದ ಗುಣ, ನಮೂದಿನ ಗುಣ ಅಲ್ಲ. ಹಾಗಿದ್ದ ಮೇಲೆ ಆ ಪ್ರಶ್ನೆಯನ್ನು ಅರ್ಥದ ಮೇಲೆ ನಿಂತು ಕೇಳಬೇಕು. ಷರತ್ತು ಬರೆಯುವ ಮೊದಲು ನಾನು ಯಾವಾಗಲೂ ಕೇಳಿಕೊಳ್ಳುವುದು “ಈ ಸಾಲು ಓಡುವಾಗ ನಾನು ಯಾವ ನೋಡ್ ಮೇಲೆ ಇದ್ದೇನೆ?” ಎಂಬುದನ್ನೇ. ಅದು ತಿಳಿದರೆ ಮುಕ್ಕಾಲು ಷರತ್ತುಗಳು ತಾವಾಗಿಯೇ ಚಿಕ್ಕದಾಗುತ್ತವೆ (ಟೆಂಪ್ಲೇಟ್ ಎಂದರೆ ಮ್ಯಾಚ್‌ಗೆ ಹೊಂದುವ ನೋಡ್ ಬಂದಾಗ ಓಡುವ ನಿಯಮ):

```
<ಟೆಂಪ್ಲೇಟ್ ಮ್ಯಾಚ್="ನಮೂದು">
  <ವ್ಯಾಲ್ಯೂ-ಆಫ್ ಸೆಲೆಕ್ಟ್="ಪದ"/>
  <ಅಪ್ಲೈ-ಟೆಂಪ್ಲೇಟ್ಸ್ ಸೆಲೆಕ್ಟ್="ಅರ್ಥ | ನೋಡಿ"/>
</ಟೆಂಪ್ಲೇಟ್>

<ಟೆಂಪ್ಲೇಟ್ ಮ್ಯಾಚ್="ಅರ್ಥ">
  <ಚೂಸ್>
    <ವೆನ್ ಟೆಸ್ಟ್="@ವರ್ಗ = 'ಕ್ರಿಯಾಪದ'">ಕ್ರಿ. </ವೆನ್>
    <ವೆನ್ ಟೆಸ್ಟ್="@ವರ್ಗ = 'ನಾಮಪದ'">ನಾ. </ವೆನ್>
  </ಚೂಸ್>
  <ವ್ಯಾಲ್ಯೂ-ಆಫ್ ಸೆಲೆಕ್ಟ್="."/>
</ಟೆಂಪ್ಲೇಟ್>
```

ಬೇಕೆಂದೇ ಅದರ್‌ವೈಸ್ ಹಾಕಿಲ್ಲ. ಗೊತ್ತಿಲ್ಲದ ವರ್ಗ ಬಂದರೆ ಸುಳ್ಳು ಗುರುತು ಹಾಕುವುದಕ್ಕಿಂತ ಏನೂ ಹಾಕದಿರುವುದು ವಾಸಿ.

ಪದಸಂಗ್ರಹ

ಅದ್ಭುತ! ‘ಕರೆ’ಯ ಮೂರು ಅರ್ಥಕ್ಕೂ ಈಗ ಅದರದರ ಗುರುತು ಬಂತು. ನಾನು ಇಷ್ಟು ದಿನ ಇಫ್ ಮತ್ತು ಚೂಸ್ ಕೂಡ ಜಾಗ ಬದಲಿಸುತ್ತವೆ ಅಂದುಕೊಂಡಿದ್ದೆ. ಅವು ಬದಲಿಸುವುದಿಲ್ಲ ಅಲ್ಲವೇ?

ಹಳೆಕೋಡು

ಇಲ್ಲ. ಚೂಸ್, ವೆನ್, ಇಫ್ ಇವೆಲ್ಲ ನಿಂತಲ್ಲೇ ನಿಂತು ಪ್ರಶ್ನೆ ಕೇಳುತ್ತವೆ. ಟೆಸ್ಟ್‌ನಲ್ಲಿ `ಅರ್ಥ` ಎಂದು ಕೇಳಿದಿರಿ, ನಿಜ ಬಂತು ಅಂತಿಟ್ಟುಕೊಳ್ಳಿ. ಒಳಗೆ ಹೋದ ಮೇಲೂ ನೀವು ನಮೂದಿನ ಮೇಲೇ ಇರುತ್ತೀರಿ. ಜಾಗ ಬದಲಿಸುವುದು ಮುಖ್ಯವಾಗಿ ಅಪ್ಲೈ-ಟೆಂಪ್ಲೇಟ್ಸ್ ಮತ್ತು ಫಾರ್-ಈಚ್. ಕಾಲ್-ಟೆಂಪ್ಲೇಟ್ ಬದಲಿಸುವುದಿಲ್ಲ, ಕರೆದವರು ಎಲ್ಲಿದ್ದರೋ ಕರೆಸಿಕೊಂಡ ಟೆಂಪ್ಲೇಟ್ ಅಲ್ಲೇ ಓಡುತ್ತದೆ. ಎಕ್ಸ್‌ಎಸ್‌ಎಲ್‌ಟಿ 2.0ರಲ್ಲಿ ಬಂದ ಫಂಕ್ಷನ್ ಸೂಚನೆಯಲ್ಲಿ ಮಾತ್ರ ಒಳಗೆ ಕಾಂಟೆಕ್ಸ್ಟ್ ಇರುವುದೇ ಇಲ್ಲ, ಬೇಕಾದ ನೋಡನ್ನು ಪ್ಯಾರಾಮೀಟರ್ ಆಗಿಯೇ ಕೊಡಬೇಕು. ಇನ್ನೊಂದು ಇದೆ, ಚೌಕ ಆವರಣ. ಅದರ ಕಥೆ ಬೇರೆ, ‘ನೋಡಿ’ಗೆ ಲಿಂಕ್ ಮಾಡಲು ಹೊರಟಾಗ ನಿಮಗೇ ಎದುರಾಗುತ್ತದೆ.

ಪದಸಂಗ್ರಹ

ಲಿಂಕ್‌ಗೆ ಆಮೇಲೆ ಬರುತ್ತೇನೆ. ಮೊದಲು ಸಂಖ್ಯೆ. ಒಂದಕ್ಕಿಂತ ಹೆಚ್ಚು ಅರ್ಥವಿದ್ದರೆ 1, 2, 3 ಎಂದು ಬರಬೇಕು, ಒಂದೇ ಇದ್ದರೆ ಸಂಖ್ಯೆ ಬೇಡ. ಅರ್ಥದ ಟೆಂಪ್ಲೇಟ್‌ನಲ್ಲಿ `ಪೊಸಿಷನ್()` ಹಾಕಿದೆ. ‘ಕರೆ’ಗೆ 4, 6, 8 ಎಂದು ಬಂತು! ನಿಮ್ಮ ಕೋಡ್‌ನಲ್ಲಿ ಒಂದೇ ಬದಲಾವಣೆ ಮಾಡಿದ್ದೆ, ಅಪ್ಲೈ-ಟೆಂಪ್ಲೇಟ್ಸ್‌ನಲ್ಲಿ ಸೆಲೆಕ್ಟ್ ತೆಗೆದಿದ್ದೆ. ಮುಂದೆ ಬೇರೆ ಟ್ಯಾಗ್ ಸೇರಿಸಿದರೂ ತಾನಾಗಿ ಬರಲಿ ಅಂತ.

ಕೊಂಬೆರೆಂಬೆ

ಆ ಒಂದು ಬದಲಾವಣೆಯೇ ಕಾರಣ. ಸೆಲೆಕ್ಟ್ ಇಲ್ಲದಿದ್ದರೆ ಎಲ್ಲ ಮಕ್ಕಳೂ ಸಾಲಿಗೆ ಬರುತ್ತವೆ. ಟ್ಯಾಗ್‌ಗಳ ನಡುವಿನ ಖಾಲಿ ಜಾಗ, ಹೊಸ ಸಾಲು ಕೂಡ ಟೆಕ್ಸ್ಟ್ ನೋಡ್‌ಗಳೇ. ‘ಕರೆ’ ನಮೂದಿನ ಮಕ್ಕಳನ್ನು ಬೆರಳಿಟ್ಟು ಎಣಿಸಿ: ಖಾಲಿ 1, ಪದ 2, ಖಾಲಿ 3, ಅರ್ಥ 4, ಖಾಲಿ 5, ಅರ್ಥ 6, ಖಾಲಿ 7, ಅರ್ಥ 8, ಕೊನೆಯ ಖಾಲಿ 9. `ಲಾಸ್ಟ್()` ಕೇಳಿದ್ದರೆ 9 ಎನ್ನುತ್ತಿತ್ತು.

ಅಂದರೆ ಕಾಂಟೆಕ್ಸ್ಟ್ ಎಂದರೆ ಬರೀ ನೋಡ್ ಅಲ್ಲ. ಯಾವ ನೋಡ್, ಸಾಲಿನಲ್ಲಿ ಅದರ ಸ್ಥಾನ ಎಷ್ಟನೆಯದು, ಸಾಲು ಎಷ್ಟು ಉದ್ದ, ಈ ಮೂರೂ ಸೇರಿದ್ದು. ಆ ಸಾಲನ್ನು ಕಟ್ಟುವುದು ಕರೆದ ಕಡೆಯ ಸೆಲೆಕ್ಟ್. ಮೇಲ್ಮಟ್ಟದಲ್ಲಿ ಸ್ಟ್ರಿಪ್-ಸ್ಪೇಸ್ ಹಾಕಿದರೆ ಖಾಲಿ ನೋಡ್‌ಗಳು ಹೋಗುತ್ತವೆ, ಆದರೆ ‘ಪದ’ ಉಳಿಯುತ್ತದಲ್ಲ, ಆಗ 2, 3, 4 ಬರುತ್ತದೆ. `ಸೆಲೆಕ್ಟ್="ಅರ್ಥ"` ಎಂದರೆ ಮಾತ್ರ 1, 2, 3.

```
<ಇಫ್ ಟೆಸ್ಟ್="ಲಾಸ್ಟ್() > 1">
  <ವ್ಯಾಲ್ಯೂ-ಆಫ್ ಸೆಲೆಕ್ಟ್="ಪೊಸಿಷನ್()"/>. 
</ಇಫ್>
```

ಅಕ್ಷರಗಣಿ

ಇಲ್ಲಿ ನನ್ನ ಅಭಿಪ್ರಾಯ ಬೇರೆ. `ಲಾಸ್ಟ್() > 1` ಎಂಬುದು ಕರೆದವರ ಮೇಲೆ ನಂಬಿಕೆ ಇಟ್ಟ ಷರತ್ತು. ನಾಳೆ ನೀವೇ ಸೆಲೆಕ್ಟನ್ನು `ಅರ್ಥ | ನೋಡಿ` ಮಾಡುತ್ತೀರಿ, ಒಂದು ಅರ್ಥ ಮತ್ತು ಒಂದು ನೋಡಿ ಇರುವ ನಮೂದಿನಲ್ಲಿ ಸಾಲಿನ ಉದ್ದ 2 ಆಗುತ್ತದೆ. ಒಂದೇ ಅರ್ಥಕ್ಕೆ ಸಂಖ್ಯೆ ಬಿದ್ದುಬಿಡುತ್ತದೆ. ದತ್ತಾಂಶವನ್ನೇ ಕೇಳಿ: `ಕೌಂಟ್(../ಅರ್ಥ) > 1`. ಸಂಖ್ಯೆಗೆ `ಕೌಂಟ್(ಪ್ರಿಸೀಡಿಂಗ್-ಸಿಬ್ಲಿಂಗ್::ಅರ್ಥ) + 1`. ಯಾರು ಎಲ್ಲಿಂದ ಕರೆದರೂ ಉತ್ತರ ಅದೇ.

ಹಾಗೆಯೇ ಮ್ಯಾಚ್‌ನಲ್ಲಿ `ಅರ್ಥ[1]` ಎಂದು ಬರೆದರೆ ಆ 1 ಅಪ್ಪನ ಮಕ್ಕಳಲ್ಲಿ ಮೊದಲ ಅರ್ಥ ಎಂದು, ಕರೆದ ಸಾಲಿನಲ್ಲಿ ಮೊದಲನೆಯದು ಎಂದಲ್ಲ. ಟೆಂಪ್ಲೇಟ್‌ನ ಒಡಲಿನ `ಪೊಸಿಷನ್()` ಮತ್ತು ಮ್ಯಾಚ್‌ನ ಆವರಣದ ಸಂಖ್ಯೆ ಎರಡು ಬೇರೆ ಎಣಿಕೆಗಳು.

ಕೊಂಬೆರೆಂಬೆ

ಒಪ್ಪುತ್ತೇನೆ. ಅರ್ಥಗಳ ನಡುವೆ ಅಲ್ಪವಿರಾಮ ಹಾಕುವಂಥ, ಔಟ್‌ಪುಟ್‌ನ ಸಾಲಿಗೇ ಸಂಬಂಧಿಸಿದ ಕೆಲಸಕ್ಕೆ `ಪೊಸಿಷನ್() != ಲಾಸ್ಟ್()` ಇಟ್ಟುಕೊಂಡು, ದತ್ತಾಂಶದ ಬಗೆಗಿನ ಪ್ರಶ್ನೆಗೆ ಕೌಂಟ್ ಬಳಸುವುದೇ ಸರಿ.

ಪದಸಂಗ್ರಹ

ಸಂಖ್ಯೆ ಬಂತು. ಈಗ ‘ನೋಡಿ’. ಗುರಿಯ ಪದ ನಿಘಂಟಿನಲ್ಲಿ ಇದ್ದರೆ ಲಿಂಕ್, ಇಲ್ಲದಿದ್ದರೆ ಬರೀ ಅಕ್ಷರ. ಹೀಗೆ ಬರೆದೆ:

```
<ಟೆಂಪ್ಲೇಟ್ ಮ್ಯಾಚ್="ನೋಡಿ">
  <ಇಫ್ ಟೆಸ್ಟ್="//ನಮೂದು[ಪದ = @ಗುರಿ]">
```

ಒಂದು ಸಲವೂ ನಿಜ ಆಗುವುದಿಲ್ಲ. ‘ಕೊಡೆ’ ಇದೆ, ಗುರಿಯೂ ‘ಕೊಡೆ’ಯೇ.

ಹಳೆಕೋಡು

ಇದೇ ನಾನು ಹೇಳಿದ ಚೌಕ ಆವರಣ. `[` ದಾಟಿದ ಕ್ಷಣ ನೀವು ‘ನೋಡಿ’ಯ ಮೇಲೆ ಇಲ್ಲ. ಆವರಣದೊಳಗೆ ಕಾಂಟೆಕ್ಸ್ಟ್ ಎಂದರೆ ಆ ಹೊತ್ತಿಗೆ ಪರೀಕ್ಷೆಗೆ ನಿಂತ ನಮೂದು. `ಪದ` ಆ ನಮೂದಿನ ಪದ, ಸರಿ. `@ಗುರಿ` ಕೂಡ ಆ ನಮೂದಿನ ಗುರಿ ಎಂದೇ ಅರ್ಥ. ನಮೂದಿಗೆ ಗುರಿ ಎಂಬ ಆಟ್ರಿಬ್ಯೂಟ್ ಎಲ್ಲಿದೆ? ಖಾಲಿ ಗುಂಪಿನೊಂದಿಗೆ ಹೋಲಿಕೆ, ಯಾವಾಗಲೂ ಸುಳ್ಳು. `./@ಗುರಿ` ಎಂದು ಬರೆದರೂ ಅದೇ, ಚುಕ್ಕಿಯೂ ಆವರಣದೊಳಗೆ ನಮೂದನ್ನೇ ತೋರಿಸುತ್ತದೆ.

ಹೊರಗೆ ನಿಂತಿದ್ದ ನೋಡ್ ಬೇಕೆಂದರೆ `ಕರೆಂಟ್()`:

```
<ಇಫ್ ಟೆಸ್ಟ್="//ನಮೂದು[ಪದ = ಕರೆಂಟ್()/@ಗುರಿ]">
```

ಆವರಣದ ಹೊರಗೆ `.` ಮತ್ತು `ಕರೆಂಟ್()` ಒಂದೇ. ಒಳಗೆ ಮಾತ್ರ ಬೇರೆ. ಈ ಫಂಕ್ಷನ್ ಎಕ್ಸ್‌ಎಸ್‌ಎಲ್‌ಟಿಯದು, ಎಕ್ಸ್‌ಪಾತ್‌ನದಲ್ಲ. ಅದಕ್ಕೇ ಬರೀ ಎಕ್ಸ್‌ಪಾತ್ ಪರೀಕ್ಷಿಸುವ ಸಲಕರಣೆಗಳಲ್ಲಿ ಇದು ಸಿಗದೇ ಹೋಗಬಹುದು. ಗುರಿಯನ್ನು ಮೊದಲೇ ವೇರಿಯಬಲ್‌ಗೆ ಹಾಕಿಟ್ಟುಕೊಂಡರೂ ಆಯಿತು, ನನಗೆ ಅದೇ ಹೆಚ್ಚು ಇಷ್ಟ, ಓದುವವರಿಗೆ ತಕ್ಷಣ ತಿಳಿಯುತ್ತದೆ. ನಮೂದುಗಳು ಸಾವಿರ ದಾಟಿದರೆ `//` ಬಿಟ್ಟು ಕೀ (ಮೊದಲೇ ಕಟ್ಟಿಟ್ಟುಕೊಳ್ಳುವ ಸೂಚಿ) ಬಳಸಿ, ಪ್ರತಿ ‘ನೋಡಿ’ಗೂ ಇಡೀ ಮರ ಹುಡುಕುವುದು ತಪ್ಪುತ್ತದೆ.

ಇಲ್ಲದಿದ್ದರೆ ಬರೀ ಅಕ್ಷರ ಎಂದಿರಿ. ಇಫ್‌ಗೆ ‘ಇಲ್ಲದಿದ್ದರೆ’ ಎಂಬ ಭಾಗ ಇಲ್ಲ. ಅದಕ್ಕೆ ಚೂಸ್ ಬೇಕು.

ಅಕ್ಷರಗಣಿ

ಅಥವಾ ಷರತ್ತನ್ನೇ ಮ್ಯಾಚ್‌ಗೆ ಏರಿಸಿ. ಚೂಸ್ ಒಳಗೆ ಆರು ವೆನ್ ಇರುವ ಟೆಂಪ್ಲೇಟ್ ಕಂಡರೆ ನನಗೆ ಅದನ್ನು ಒಡೆಯಬೇಕೆನಿಸುತ್ತದೆ:

```
<ಟೆಂಪ್ಲೇಟ್ ಮ್ಯಾಚ್="ಅರ್ಥ[@ವರ್ಗ='ಕ್ರಿಯಾಪದ']"> … 
<ಟೆಂಪ್ಲೇಟ್ ಮ್ಯಾಚ್="ಅರ್ಥ[@ವರ್ಗ='ನಾಮಪದ']"> … 
<ಟೆಂಪ್ಲೇಟ್ ಮ್ಯಾಚ್="ಅರ್ಥ"> … 
```

ಬರೀ ಹೆಸರಿಗೆ ತಾನಾಗಿ ಸಿಗುವ ಆದ್ಯತೆ 0, ಆವರಣ ಇದ್ದರೆ 0.5, `*` ಗೆ -0.5. ಹಾಗಾಗಿ ವಿಶೇಷವಾದದ್ದು ಮೊದಲು ಗೆಲ್ಲುತ್ತದೆ, ಬರೆದ ಕ್ರಮ ಮುಖ್ಯವಲ್ಲ. 1999ರ ನವೆಂಬರ್ 16ರಂದು ಎಕ್ಸ್‌ಪಾತ್ ಜೊತೆಗೇ ಬಂದ ಎಕ್ಸ್‌ಎಸ್‌ಎಲ್‌ಟಿ 1.0 ಶಿಫಾರಸಿನಿಂದಲೂ ಈ ನಿಯಮ ಇದೆ. ಈ ಭಾಷೆಯ ಜೀವಾಳವೇ ಇದು ಎಂದು ನಾನು ನಂಬುತ್ತೇನೆ.

ಹಳೆಕೋಡು

ಜೀವಾಳ ಹೌದು, ಆದರೆ ಹೊಸಬರಿಗೆ ಒಂದು ಎಚ್ಚರಿಕೆ. ನಾಳೆ ನೀವು `ಅರ್ಥ[@ಹಳತು='ಹೌದು']` ಎಂದು ಇನ್ನೊಂದು ಸೇರಿಸುತ್ತೀರಿ. ಹಳೆಯ ಕ್ರಿಯಾಪದ ಬಂದರೆ ಎರಡಕ್ಕೂ 0.5. ಪ್ರಾಸೆಸರ್ ತಪ್ಪು ಎಂದು ನಿಲ್ಲಿಸಬಹುದು, ಅಥವಾ ಫೈಲಿನಲ್ಲಿ ಕೊನೆಗೆ ಬಂದದ್ದನ್ನು ಆರಿಸಿಕೊಳ್ಳಬಹುದು. ಆಗ ಪ್ರಯಾರಿಟಿ ಕೈಯಾರೆ ಬರೆಯಬೇಕು. ಚೂಸ್‌ನಲ್ಲಿ ಈ ಗೊಂದಲ ಇಲ್ಲ, ಮೊದಲು ನಿಜವಾದ ವೆನ್ ಓಡುತ್ತದೆ, ಉಳಿದವನ್ನು ನೋಡುವುದೇ ಇಲ್ಲ. ಔಟ್‌ಪುಟ್‌ನ ಆಕಾರವೇ ಬೇರೆಯಾಗುವಾಗ ಬೇರೆ ಟೆಂಪ್ಲೇಟ್. ‘ಕ್ರಿ.’, ‘ನಾ.’ ಥರದ ಒಂದು ತುಣುಕು ಮಾತ್ರ ಬೇರೆಯಾಗುವಾಗ ಚೂಸ್. ನಾನು ಹೀಗೆ ಗೆರೆ ಎಳೆದುಕೊಂಡಿದ್ದೇನೆ.

ಅಕ್ಷರಗಣಿ

ಆ ಗೆರೆ ನನಗೂ ಒಪ್ಪಿಗೆ.

ಪದಸಂಗ್ರಹ

‘ನೋಡಿ’ಯನ್ನು ಕೀ ಮೂಲಕವೇ ಮಾಡಿದೆ, ಓಡುತ್ತಿದೆ. ಇನ್ನು ಎರಡು ಕಗ್ಗಂಟು ಉಳಿದಿವೆ. ಒಂದು, ಹೊಸ ಅಕ್ಷರ ಶುರುವಾದಾಗ ‘ಕ’, ‘ಛ’ ಎಂದು ದೊಡ್ಡ ಶೀರ್ಷಿಕೆ ಬರಬೇಕು. ಹಿಂದಿನ ನಮೂದಿನ ಮೊದಲ ಅಕ್ಷರಕ್ಕೆ ಹೋಲಿಸುತ್ತಿದ್ದೇನೆ:

```
<ಇಫ್ ಟೆಸ್ಟ್="ಸಬ್‌ಸ್ಟ್ರಿಂಗ್(ಪದ,1,1) != 
  ಸಬ್‌ಸ್ಟ್ರಿಂಗ್(ಪ್ರಿಸೀಡಿಂಗ್-ಸಿಬ್ಲಿಂಗ್::ನಮೂದು[1]/ಪದ,1,1)">
```

ಸಾರ್ಟ್ ಹಾಕುವ ತನಕ ಸರಿ ಇತ್ತು. ಹಾಕಿದ ಮೇಲೆ ಶೀರ್ಷಿಕೆಗಳು ಎಲ್ಲೆಂದರಲ್ಲಿ.

ಎರಡು, ಅರ್ಥಗಳಿಗೆ ಈಗ `ಮೂಲ="ಇಂಗ್ಲಿಷ್"` ಎಂಬ ಗುರುತೂ ಸೇರಿಸಿದ್ದೇನೆ. ಷರತ್ತು ಕೆಲವಕ್ಕೆ ಹಿಡಿಯುತ್ತದೆ, ಕೆಲವಕ್ಕೆ ಹಿಡಿಯುವುದಿಲ್ಲ. ಕಣ್ಣಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ.

ಕೊಂಬೆರೆಂಬೆ

ಮೊದಲನೆಯದು: ಸಾರ್ಟ್ ಸಾಲನ್ನು ಬದಲಿಸುತ್ತದೆ, ಮರವನ್ನಲ್ಲ. `ಪೊಸಿಷನ್()` ಹೊಸ ಕ್ರಮದಲ್ಲಿ ಎಣಿಸುತ್ತದೆ, ಆದರೆ ‘ಹಿಂದಿನ ಒಡಹುಟ್ಟಿದ ನಮೂದು’ ಎಂದರೆ ಮೂಲ ಫೈಲಿನಲ್ಲಿ ಹಿಂದೆ ಇದ್ದದ್ದೇ. ನಿಮ್ಮ ಷರತ್ತು ಸರಿಯಿದೆ, ಕೇಳುತ್ತಿರುವ ನೆರೆಯವರು ಬೇರೆ. ಪ್ರಾಸೆಸರ್ 2.0 ಅಥವಾ ಮೇಲಿನದಾದರೆ ಫಾರ್-ಈಚ್-ಗ್ರೂಪ್ ಬಳಸಿ, ಗುಂಪಿನ ಕೀ ಆಗಿ ಅದೇ `ಸಬ್‌ಸ್ಟ್ರಿಂಗ್(ಪದ,1,1)` ಕೊಡಿ. ಬರೀ 1.0 ಇದ್ದರೆ ಒಮ್ಮೆ ಸಾರ್ಟ್ ಮಾಡಿ ಹೊಸ ಫೈಲ್ ಬರೆದು, ಅದರ ಮೇಲೆ ಎರಡನೇ ಸಲ ಓಡಿಸುವುದು ಸುಲಭ ದಾರಿ.

ಅಂದಹಾಗೆ ಕನ್ನಡಕ್ಕೆ ಇಲ್ಲಿ ಒಂದು ಅನುಕೂಲ ಇದೆ. ‘ಕೊಡೆ’ಯ ಮೊದಲ ಒಂದು ಕ್ಯಾರೆಕ್ಟರ್ ಕೇಳಿದರೆ ‘ಕೊ’ ಬರುವುದಿಲ್ಲ, ಸ್ವರಚಿಹ್ನೆ ಬೇರೆ ಕ್ಯಾರೆಕ್ಟರ್ ಆದ್ದರಿಂದ ‘ಕ’ ಮಾತ್ರ ಬರುತ್ತದೆ. ಕರೆ, ಕೊಡೆ ಎರಡೂ ‘ಕ’ದ ಕೆಳಗೇ ಕೂರುತ್ತವೆ. ‘ಕ್ಷ’ದಿಂದ ಶುರುವಾಗುವ ಪದಗಳೂ ಅಲ್ಲಿಗೇ ಬರುತ್ತವೆ, ಅದು ನಿಮಗೆ ಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ಅಕ್ಷರಗಣಿ

ಎರಡನೆಯದಕ್ಕೆ ಊಹೆ ಇದೆ. ಆ ಟೆಂಪ್ಲೇಟ್‌ನ ಮೊದಲ ಸಾಲಿನಲ್ಲಿ ಮೆಸೇಜ್ ಸೂಚನೆ ಹಾಕಿ `ಸ್ಟ್ರಿಂಗ್-ಲೆಂತ್(@ಮೂಲ)` ಮುದ್ರಿಸಿ ನೋಡಿ. ‘ಇಂಗ್ಲಿಷ್’ ಎಂಬುದರಲ್ಲಿ 8 ಕ್ಯಾರೆಕ್ಟರ್ ಇರಬೇಕು: ಇ, ಅನುಸ್ವಾರ, ಗ, ವಿರಾಮ, ಲ, ಇಕಾರ, ಷ, ವಿರಾಮ.

ಪದಸಂಗ್ರಹ

ಕೆಲವಕ್ಕೆ 8, ಕೆಲವಕ್ಕೆ 9! ಒಂಬತ್ತನೆಯದು ಏನು?

ಅಕ್ಷರಗಣಿ

ಕಣ್ಣಿಗೆ ಕಾಣದ ಶೂನ್ಯ ಅಗಲದ ವಿಭಜಕ. ವ್ಯಂಜನಾಂತ ಪದದ ಕೊನೆಗೆ ಕೆಲವು ಕೀಲಿಮಣೆಗಳು ಮತ್ತು ಹಳೆಯ ಫಾಂಟ್‌ನಿಂದ ಪರಿವರ್ತಿಸುವ ಸಲಕರಣೆಗಳು ಅದನ್ನು ಸೇರಿಸಿಬಿಡುತ್ತವೆ. ಪರದೆಯ ಮೇಲೆ ವ್ಯತ್ಯಾಸವೇ ಇಲ್ಲ, `=` ಮಾತ್ರ ಸುಳ್ಳು ಎನ್ನುತ್ತದೆ. ನಾರ್ಮಲೈಸ್-ಸ್ಪೇಸ್ ಅದನ್ನು ತೆಗೆಯುವುದಿಲ್ಲ, ಅದರ ಲೆಕ್ಕದಲ್ಲಿ ಇದು ಖಾಲಿ ಜಾಗ ಅಲ್ಲ. ಅದರ ಸಂಖ್ಯೆ 8204, ಹೀಗೆ ಅಳಿಸಿ ಹೋಲಿಸಿ:

```
ಟ್ರಾನ್ಸ್‌ಲೇಟ್(@ಮೂಲ, '&#8204;', '') = 'ಇಂಗ್ಲಿಷ್'
```

ಬಲಗಡೆ ನೀವು ಟೈಪ್ ಮಾಡುವ ‘ಇಂಗ್ಲಿಷ್’ನಲ್ಲೂ ಅದು ನುಸುಳದಂತೆ ನೋಡಿಕೊಳ್ಳಿ. ಟ್ಯಾಗ್ ಹೆಸರುಗಳಿಗೂ ಇದೇ ಮಾತು. 2008ರಲ್ಲಿ ಬಂದ ಎಕ್ಸ್‌ಎಂಎಲ್ 1.0ರ ಐದನೇ ಆವೃತ್ತಿ ಹೆಸರಿನೊಳಗೆ ಈ ಕ್ಯಾರೆಕ್ಟರನ್ನು ಒಪ್ಪುತ್ತದೆ, ಅದಕ್ಕೂ ಹಿಂದಿನ ನಿಯಮ ಒಪ್ಪುತ್ತಿರಲಿಲ್ಲ. ಒಪ್ಪಿದ ಕಡೆ `ನೋಟ್` ಎಂಬ ಹೆಸರಿನ ಎರಡು ಬೇರೆ ಟ್ಯಾಗ್‌ಗಳು ಹುಟ್ಟಿಕೊಂಡು ಒಂದಕ್ಕೆ ಮಾತ್ರ ಟೆಂಪ್ಲೇಟ್ ಹಿಡಿಯಬಹುದು.

ಪದಸಂಗ್ರಹ

ಹಿಡಿಯಿತು, ಎಲ್ಲವಕ್ಕೂ! ಷರತ್ತಿನಲ್ಲಿ ಅಳಿಸುವ ಬದಲು ಫೈಲನ್ನೇ ಒಮ್ಮೆ ಶುದ್ಧ ಮಾಡಿದೆ, 17 ಕಡೆ ಸಿಕ್ಕಿತು. ಶೀರ್ಷಿಕೆಯನ್ನು ಗ್ರೂಪ್ ಮಾಡಿ ಸರಿಪಡಿಸಿದೆ. ‘ಛತ್ರಿ’ ಒತ್ತಿದರೆ ಈಗ ‘ಕೊಡೆ’ಗೆ ಹೋಗುತ್ತದೆ. ನಿಮಗೆ ಮೂವರಿಗೂ ಮನಸಾರೆ ಧನ್ಯವಾದ. ‘ಅರ್ಥದ ಮೇಲೆ ನಿಂತು ಕೇಳಿ’ ಎಂದ ಉತ್ತರವನ್ನು ಪರಿಹಾರ ಎಂದು ಗುರುತು ಮಾಡಿದ್ದೇನೆ.